ಪ್ರಶ್ನೆ ಬರೆಯದ ಹೇಳಿಕೆಗಳು

ಮಕ್ಕಳ ಹೇಳಿಕೆಯಲ್ಲಿ ನಾವು ಪ್ರಶ್ನೆಗಳನ್ನು ಬರೆಯುತ್ತಿರಲಿಲ್ಲ. ಉತ್ತರಗಳನ್ನಷ್ಟೇ ಬರೆಯುತ್ತಿದ್ದೆವು. ಈಗ ಈ ಕೆಲಸಕ್ಕೆ ಸೇರುವ ಹುಡುಗಿಯರಿಗೆ ಇದನ್ನು ಹೇಳಿದರೆ, ಅದರಲ್ಲೇನು ದೊಡ್ಡ ವಿಷಯ ಎನ್ನುವ ಹಾಗೆ ನೋಡುತ್ತಾರೆ. ಅವರಿಗೆ ಕ್ಯಾಮೆರಾ ಇದೆ, ಗೊಂಬೆಗಳನ್ನಿಟ್ಟ ಕೋಣೆ ಇದೆ, ಪಕ್ಕದಲ್ಲಿ ಮನಶ್ಶಾಸ್ತ್ರ ಓದಿದವರು ಕೂತಿರುತ್ತಾರೆ. ನಮ್ಮ ಬಳಿ ಇದ್ದದ್ದು ಒಂದು ರಟ್ಟು, ಅದಕ್ಕೆ ಸಿಕ್ಕಿಸಿದ ಉದ್ದನೆಯ ಹಾಳೆಗಳು, ಒಂದು ಬಾಲ್ ಪೆನ್ನು ಮತ್ತು ಹೆಬ್ಬೆಟ್ಟು ಒತ್ತಿಸಲು ನೀಲಿ ಶಾಯಿಯ ಡಬ್ಬಿ. ಇಷ್ಟನ್ನು ಬಗಲಚೀಲದಲ್ಲಿ ಹಾಕಿಕೊಂಡು ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಊರೂರು ತಿರುಗಿದೆ.

ಹುದ್ದೆಯ ಹೆಸರು ಪ್ರೊಬೇಷನ್ ಅಧಿಕಾರಿ. ಊರವರಿಗೆ ಅದು ನಾಲಿಗೆಗೆ ಸಿಗುತ್ತಿರಲಿಲ್ಲ, 'ಬಾಯಾರು' ಎನ್ನುತ್ತಿದ್ದರು. ಒಂದು ಮಗುವಿಗೆ ಮನೆಯಲ್ಲಿ ಹೊಡೆತ ಬೀಳುತ್ತಿದೆ, ಸುಡುತ್ತಿದ್ದಾರೆ, ಕೂಡಿಹಾಕಿದ್ದಾರೆ ಎಂದು ದೂರು ಬಂದರೆ ಹೋಗಿ ಮಗುವನ್ನು ಮಾತಾಡಿಸಿ, ಅದು ಹೇಳಿದ್ದನ್ನು ಬರೆದುಕೊಂಡು ಬಂದು ವರದಿ ಕೊಡುವುದು ನನ್ನ ಕೆಲಸ. ಆ ಕಾಗದದ ಮೇಲೆ ಮಗು ಎಲ್ಲಿರಬೇಕು ಎಂಬುದು ತೀರ್ಮಾನವಾಗುತ್ತಿತ್ತು. ನನಗೆ ಬಂದ ಎರಡು ಬಡ್ತಿಗಳ ಬಗ್ಗೆ ಬರೆಯುವುದಿಲ್ಲ. ಬಂದವು, ಕುರ್ಚಿ ಬದಲಾಯಿತು, ಅಷ್ಟೇ.

ಎಪ್ಪತ್ತರ ದಶಕದ ನಡುವೆ ನಾನು ಸೇರಿದಾಗ ನಮ್ಮ ಮೇಲಧಿಕಾರಿ ಉರ್ದು ಮಾಧ್ಯಮದಲ್ಲಿ ಓದಿದವರು, ನಿಜಾಮರ ಕಾಲದ ಕಚೇರಿಯಲ್ಲಿ ಕೈ ಪಳಗಿಸಿಕೊಂಡವರು. ಅವರನ್ನು ನಾವು ಸಾಹೇಬರು ಎನ್ನುತ್ತಿದ್ದೆವು. ಒಳ್ಳೆಯ ಮನುಷ್ಯ, ಆದರೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ನಾನು ಬರೆದ ಮೊದಲ ಹೇಳಿಕೆಯನ್ನು ಓದಿ ಅದನ್ನು ಮಡಚಿ ನನ್ನ ಕೈಗೇ ಕೊಟ್ಟರು. ಮಗು ಆಡಿದ ಹಾಗೇ ಬರೆದಿದ್ದೆ, ಅದು ಅವರಿಗೆ ಹಿಡಿಸಲಿಲ್ಲ. ಹೇಳಿಕೆಗೆ ಒಂದು ಸ್ವರೂಪ ಇರಬೇಕು ಎಂದು ಕೂರಿಸಿಕೊಂಡು ಕಲಿಸಿದರು. ಅಂದಿನಿಂದ ಆರು ವರ್ಷದ ಕೂಸುಗಳೆಲ್ಲ ನನ್ನ ಕಾಗದದಲ್ಲಿ 'ನಾನು ಸದರಿ ಗ್ರಾಮದ ಕಾಯಂ ನಿವಾಸಿ ಇದ್ದು, ಸದ್ಯ ವಿದ್ಯಾಭ್ಯಾಸ ಮಾಡಿಕೊಂಡಿರುತ್ತೇನೆ' ಎಂದು ಹೇಳತೊಡಗಿದವು. ಹಲ್ಲು ಬಿದ್ದ ಬಾಯಿಂದ ಅಂಥ ಮಾತು ಹೇಗೆ ಬಂತು ಎಂದು ಯಾರೂ ಕೇಳಲಿಲ್ಲ. ನನಗೇ ಅದು ಚೆನ್ನಾಗಿ ಕಾಣತೊಡಗಿತು. ವರ್ಷ ತುಂಬುವುದರೊಳಗೆ ನನ್ನ ಹೇಳಿಕೆಗಳನ್ನು ಹೊಸಬರಿಗೆ ಮಾದರಿಯಾಗಿ ತೋರಿಸುತ್ತಿದ್ದರು, ನಾನೂ ಬೀಗುತ್ತಿದ್ದೆ.

ಆ ಬೀಗುವಿಕೆ ಇಳಿಯಬೇಕಾಗಿದ್ದದ್ದು ಯಡ್ರಾಮಿ ಕಡೆಯ ಒಂದು ಹಳ್ಳಿಯಲ್ಲಿ. ಆಗ ಅದು ಜೇವರ್ಗಿ ತಾಲೂಕಿಗೆ ಸೇರಿತ್ತು. ಏಳು ವರ್ಷದ ಹುಡುಗಿಯೊಬ್ಬಳನ್ನು ದನದ ಕೊಟ್ಟಿಗೆಯಲ್ಲಿ ಹಗ್ಗ ಹಾಕಿ ಕಟ್ಟುತ್ತಾರೆ ಎಂದು ದೂರು. ಹೋದೆ. ನಮ್ಮ ಕಡೆ ಹೊರಗಿನವರು ಬಂದು ಮಗುವನ್ನು ಏನಾದರೂ ಕೇಳಿದರೆ ಮಗು ಉತ್ತರ ಕೊಡುವುದಿಲ್ಲ, ಮನೆಯ ಹಿರಿಯರು ಕೊಡುತ್ತಾರೆ. ಮಗು ಮುಂದೆ ಬಿದ್ದು ಮಾತಾಡಿದರೆ ಅದಕ್ಕೆ ಮರ್ಯಾದೆ ಕಲಿಸಿಲ್ಲ ಎಂದೇ ಅರ್ಥ. ನಾನೂ ಹಾಗೆಯೇ ಬೆಳೆದವಳು. ಹಾಗಾಗಿ ಅಜ್ಜಿ ಹುಡುಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ನನ್ನ ಎಲ್ಲ ಪ್ರಶ್ನೆಗೂ ತಾನೇ ಉತ್ತರ ಹೇಳಿದ್ದು ನನಗೆ ವಿಚಿತ್ರ ಅನ್ನಿಸಲಿಲ್ಲ. ಹುಡುಗಿ ನನ್ನನ್ನೇ ನೋಡುತ್ತ ಕೂತಿತ್ತು. ಎರಡು ಹೊತ್ತು ಊಟ ಹಾಕುತ್ತಾರೆ, ಯಾರೂ ಕಟ್ಟುವುದಿಲ್ಲ, ಎಲ್ಲರೂ ಅಕ್ಕರೆಯಿಂದ ನೋಡಿಕೊಳ್ಳುತ್ತಾರೆ ಎಂದು ಒಂದೂವರೆ ಪುಟದ ಹೇಳಿಕೆ ಬರೆದು, ಅದರ ಪುಟ್ಟ ಹೆಬ್ಬೆಟ್ಟನ್ನು ಶಾಯಿಗೆ ಒತ್ತಿ ಗುರುತು ತೆಗೆದುಕೊಂಡು ಬಂದೆ. ಮೂರು ಸಹಿ ಬಿದ್ದು ಫೈಲು ಮುಗಿಯಿತು.

ನಾಲ್ಕು ತಿಂಗಳ ಮೇಲೆ ಆ ಊರಿನ ನರ್ಸ್ ಬಾಯಿ ಜೇವರ್ಗಿ ಬಸ್ ನಿಲ್ದಾಣದಲ್ಲಿ ಸಿಕ್ಕರು. ಮಾತಿಗೆ ಮಾತು ಬಂದು ಆ ಹುಡುಗಿಯ ವಿಚಾರ ತೆಗೆದೆ.

"ಆ ಪೋರಿಗಿ ಮಾತ ಬರೂದಿಲ್ಲಲ್ರಿ ಬಾಯಾರ. ಹುಟ್ಟಾ ಮೂಕಿ ಅದಾಳ" ಎಂದರು ಅವರು.

ನಾನು ಮೂಕ ಹುಡುಗಿಯ ಒಂದೂವರೆ ಪುಟದ ಮಾತನ್ನು ಬರೆದು ಸರ್ಕಾರಕ್ಕೆ ಕೊಟ್ಟಿದ್ದೆ. ಓಡಿಹೋಗಿ ಸಾಹೇಬರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಬಂದ್ ಆದ ಫೈಲು ತೆಗೆದರೆ ಮೂರು ಜನರ ನೌಕರಿಗೆ ಸಂಚಕಾರ, ಇನ್ನು ಮುಂದೆ ಹುಷಾರಾಗಿರಿ ಎಂದರು. ನಾನು ಸುಮ್ಮನಾದೆ. ಆ ಹುಡುಗಿ ಮುಂದೆ ಏನಾದಳೋ ನನಗೆ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳಲು ಹೋಗಲಿಲ್ಲ ಎಂಬುದೇ ಸತ್ಯ, ಇವತ್ತಿಗೂ ನೆನೆದರೆ ನಾಚಿಕೆಯಾಗುತ್ತದೆ. ಹುಷಾರಾಗಿರುವುದು ಎಂದರೆ, ಮೊದಲು ಮಗುವಿಗೆ ಮಾತು ಬರುತ್ತದೆಯೇ ಎಂದು ನೋಡಿಕೊಳ್ಳುವುದು ಎಂದಷ್ಟೇ ಆಗ ನಾನು ತಿಳಿದುಕೊಂಡೆ.

ಎಂಬತ್ತರ ದಶಕದ ಕೊನೆಗೆ ಹೊಸ ಕಾಯ್ದೆ ಬಂತು, ಮಕ್ಕಳ ವಿಚಾರಣೆಗೆ ಕಲ್ಯಾಣ ಮಂಡಳಿ ಬಂತು, ಅದರ ಹಿಂದೆಯೇ ನಮ್ಮ ಕಚೇರಿಗೆ ಒಂದು ಟೇಪ್ ರೆಕಾರ್ಡರ್ ಬಂತು. ಹೇಳಿಕೆಯನ್ನು ಕಾಗದದ ಜೊತೆಗೆ ಕ್ಯಾಸೆಟ್ಟಿನಲ್ಲೂ ತೆಗೆದುಕೊಳ್ಳಬೇಕು ಎಂದು ಆದೇಶ. ಮಿಷನ್ನು ಗುಮಾಸ್ತರ ಕಪಾಟಿನಲ್ಲಿ ಬೀಗದೊಳಗೆ ಇರುತ್ತಿತ್ತು. ತೆಗೆದುಕೊಳ್ಳಲು ಒಂದು ಸಹಿ, ಇಡಲು ಒಂದು ಸಹಿ. ಹಳ್ಳಿಗೆ ಒಯ್ದರೆ ಜನ ಮುತ್ತಿಕೊಳ್ಳುತ್ತಿದ್ದರು, ಮುದುಕರು ನಮ್ಮದೊಂದು ಭಜನೆಪದ ಹಿಡಿದುಕೊಳ್ಳಿರಿ ಎಂದು ದುಂಬಾಲು ಬೀಳುತ್ತಿದ್ದರು. ತಮಾಷೆ ಎಂದರೆ, ಹಾಗೆ ತಂದ ಕ್ಯಾಸೆಟ್ಟುಗಳನ್ನು ಯಾರೂ ಕೇಳುತ್ತಿರಲಿಲ್ಲ. ಲಕೋಟೆಗೆ ಹಾಕಿ, ಅರಗಿನ ಮುದ್ರೆ ಒತ್ತಿ, ಫೈಲಿಗೆ ಕಟ್ಟಿಬಿಡುತ್ತಿದ್ದೆವು. ಮಂಡಳಿಯವರು ಓದುತ್ತಿದ್ದದ್ದು ನನ್ನ ಕಾಗದವನ್ನೇ.

ಈಗ ಭಾಗಮ್ಮನ ವಿಚಾರಕ್ಕೆ ಬರುತ್ತೇನೆ. ಇಷ್ಟು ಬರೆಯಲು ಕೂತದ್ದೇ ಅದಕ್ಕಾಗಿ.

ಅಫಜಲಪುರ ತಾಲೂಕಿನ ಕರಜಗಿ ಕಡೆಯ ಹಳ್ಳಿ. ಭಾಗಮ್ಮನಿಗೆ ಎಂಟು ವರ್ಷ. ತಾಯಿ ಸತ್ತಿದ್ದಳು, ತಂದೆ ಸೊಲ್ಲಾಪುರದ ಗಿರಣಿಗೆಂದು ಹೋದವನು ತಿರುಗಿ ಬಂದಿರಲಿಲ್ಲ. ಹುಡುಗಿ ಇದ್ದದ್ದು ದೊಡ್ಡವ್ವನ ಹತ್ತಿರ, ಅಂದರೆ ತಂದೆಯ ಅಣ್ಣನ ಹೆಂಡತಿಯ ಹತ್ತಿರ. ಆಕೆ ವಿಧವೆ, ಹೊಲ ಮನೆ ಸರಿಯಾಗಿ ನಡೆಸಿಕೊಂಡು ಹೋಗುತ್ತಿದ್ದ ಗಟ್ಟಿ ಹೆಂಗಸು. ಅದೇ ಮನೆಯಲ್ಲಿ ಭಾಗಮ್ಮನ ಕಾಕಾ, ತಂದೆಯ ತಮ್ಮ ಮಲ್ಲಪ್ಪನೂ ಇದ್ದ. ಮದುವೆಯಿಲ್ಲ, ಸಿಂದಿ ಕುಡಿಯುತ್ತಾನೆ, ಬಾಯಲ್ಲಿ ಬೀಡಿ ಆರುವುದಿಲ್ಲ, ಊರಲ್ಲಿ ಒಳ್ಳೆಯ ಹೆಸರಿಲ್ಲ. ಹುಡುಗಿಯ ಎಡ ತೋಳಿನ ಮೇಲೆ ದುಂಡಗಿನ ಸುಟ್ಟ ಗಾಯಗಳಿವೆ ಎಂದು ಶಾಲೆಯ ಮಾಸ್ತರರು ಕಾಗದ ಬರೆದಿದ್ದರು.

ನಾನು ಮನೆಗೆ ಹೋದಾಗ ದೊಡ್ಡವ್ವ ಪೂಜೆ ಮುಗಿಸಿ ಎದ್ದಿದ್ದಳು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ತಲೆಯ ಮೇಲೆ ಸೆರಗು. ನನ್ನ ತಾಯಿಯೂ ಹಾಗೇ ಇದ್ದರು. ಮಾತಾಡಿಸುತ್ತಿದ್ದಂತೆ ನಮ್ಮಿಬ್ಬರಿಗೂ ಒಂದೇ ಮಠ ಎಂದು ಗೊತ್ತಾಯಿತು. ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಬಡಿಸಿದಳು. ಉಂಡೆ, ಹೊಗಳಿದೆ. ಭಾಗಮ್ಮ ಒಲೆಯ ಹತ್ತಿರ ನಿಂತು ನಾನು ಉಣ್ಣುವುದನ್ನು ನೋಡುತ್ತಿದ್ದಳು. ಗಾಯದ ಮಾತು ಬಂದಾಗ ದೊಡ್ಡವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಮೈದುನನ ಮಾನ ಹೇಗೆ ಕಳೆಯಲಿ, ನೀವೇ ನೋಡಿರಿ ಎಂದಳು. ಅಷ್ಟರಲ್ಲಿ ಮಲ್ಲಪ್ಪ ಬಾಗಿಲಿಗೆ ಬಂದು ನಿಂತ. ಕೆಂಪು ಕಣ್ಣು, ಕಿವಿಯಲ್ಲಿ ಅರ್ಧ ಸೇದಿದ ಬೀಡಿ. ನನ್ನನ್ನು ನೋಡಿ ಏನೋ ಹೇಳಲು ಬಾಯಿ ತೆರೆದ. ನಿನ್ನನ್ನು ಆಮೇಲೆ ಕರೆಯುತ್ತೇನೆ ಎಂದು ಗದರಿಸಿ ಕಳಿಸಿದೆ. ಆಮೇಲೆ ಕರೆಯಲಿಲ್ಲ.

ಹುಡುಗಿಯನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಟೇಪ್ ಹಚ್ಚಿದೆ. ಬಿಸ್ಕೀಟಿನ ಪುಡಿಕೆ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡೆ. ಹೆದರಿದ ಮಕ್ಕಳನ್ನು ಮಾತಿಗೆಳೆಯಲು ಅದು ನನ್ನ ಹಳೆಯ ಉಪಾಯ. ಅರ್ಧ ತಾಸಿನಲ್ಲಿ ಕೆಲಸ ಮುಗಿಯಿತು. ಕಚೇರಿಗೆ ಬಂದು ಎರಡು ಪುಟದ ಹೇಳಿಕೆ ಬರೆದೆ: 'ಸದರಿ ನನ್ನ ಕಾಕಾನು ಮದ್ಯಪಾನ ಮಾಡಿ ಬಂದು ಬೀಡಿಯಿಂದ ನನ್ನ ತೋಳನ್ನು ಸುಟ್ಟಿರುತ್ತಾನೆ. ನನ್ನ ದೊಡ್ಡವ್ವಳು ನನ್ನನ್ನು ಪ್ರೀತಿಯಿಂದ ನೋಡಿಕೊಳ್ಳುತ್ತಾಳೆ.' ಪೊಲೀಸರು ಮಲ್ಲಪ್ಪನನ್ನು ಹಿಡಿದುಕೊಂಡು ಹೋದರು. ಜಾಮೀನಿಗೆ ನಿಲ್ಲುವವರು ಯಾರೂ ಇರಲಿಲ್ಲ. ಹುಡುಗಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ ಎಂಬ ಮುಚ್ಚಳಿಕೆ ಬರೆಸಿಕೊಂಡು ಮಂಡಳಿಯವರು ಅವಳನ್ನು ಮುಂದಿನ ವಿಚಾರಣೆಯ ತನಕ ದೊಡ್ಡವ್ವನ ವಶಕ್ಕೇ ಕೊಟ್ಟರು. ಆ ದಿನ ಮನೆಗೆ ಹೋಗಿ ನೆಮ್ಮದಿಯಿಂದ ಊಟ ಮಾಡಿದೆ.

ಸಾಹೇಬರು ನಿವೃತ್ತರಾಗಿ ಆ ಹೊತ್ತಿಗೆ ಕೆಲವು ವರ್ಷಗಳಾಗಿದ್ದವು. ಅವರ ಕುರ್ಚಿಗೆ ಈಗ ಮೈಸೂರು ಕಡೆಯಿಂದ ಒಬ್ಬ ಮೇಡಂ ಬಂದರು, ನನಗಿಂತ ಹತ್ತು ವರ್ಷ ಚಿಕ್ಕವರು. ಬಂದ ವಾರದಲ್ಲೇ, ವಿಚಾರಣೆಗೆ ಹೋಗುವ ಮೊದಲು ಪ್ರತಿ ಕ್ಯಾಸೆಟ್ಟನ್ನೂ ಕೇಳಿ ಅಕ್ಷರ ಬಿಡದೆ ಬರೆದು ಕೊಡಬೇಕು, ಪ್ರಶ್ನೆ ಸಹಿತ, ಎಂದು ಮೆಮೊ ಹೊರಡಿಸಿದರು. ನನಗೆ ಮೈಯೆಲ್ಲ ಉರಿಯಿತು. ಈ ಮಕ್ಕಳ ಭಾಷೆ ತಿಳಿಯದವರು ನನಗೆ ಕಲಿಸಲು ಬಂದರು ಎಂದುಕೊಂಡು ಒಳಗೆ ಹೋಗಿ ವಾದ ಮಾಡಿದೆ. ಇಷ್ಟು ವರ್ಷ ನಡೆದುಬಂದ ಪದ್ಧತಿ ಎಂದೆ.

"ಇರಬಹುದು. ಆದರೆ ಏನು ಕೇಳಿದ್ರಿ ಅನ್ನೋದು ಗೊತ್ತಾಗದೆ ಮಗು ಹೇಳಿದ್ದಕ್ಕೆ ನಾನು ಹೇಗೆ ಸಹಿ ಹಾಕಲಿ?" ಎಂದರು ಅವರು. ಸ್ವರ ಏರಿಸಲಿಲ್ಲ. ಅದು ನನಗೆ ಇನ್ನಷ್ಟು ಸಿಟ್ಟು ತರಿಸಿತು.

ಭಾಗಮ್ಮನ ವಿಚಾರಣೆಗೆ ಮೂರು ದಿನ ಉಳಿದಿತ್ತು. ಬೆಳಿಗ್ಗೆ ಹನ್ನೊಂದಕ್ಕೆ ಮಿಷನ್ನು ಮುಂದಿಟ್ಟುಕೊಂಡು, ಪೆನ್ಸಿಲ್ ಚೂಪು ಮಾಡಿಕೊಂಡು, ಗೊಣಗುತ್ತ ಕೂತೆ. ಮೊದಲು ಕೋಳಿಯ ಸದ್ದು, ಎಲ್ಲೋ ಬಟ್ಟೆ ಒಗೆಯುವ ಸದ್ದು. ಆಮೇಲೆ ಒಬ್ಬ ಹೆಂಗಸಿನ ದನಿ, ದಪ್ಪನೆಯ ದನಿ, ಅವಸರದ ದನಿ. ಅದು ನನ್ನದು ಎಂದು ತಿಳಿಯಲು ಒಂದು ಗಳಿಗೆ ಹಿಡಿಯಿತು.

"ನಿಮ್ಮ ಕಾಕಾ ಕುಡದ ಬರ್ತಾನೇನವಾ?"

"ಹೂಂ."

ಚರಚರ ಎಂಬ ಸದ್ದು. ಏನಿದು ಎಂದು ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದೆ. ಬಿಸ್ಕೀಟಿನ ಪುಡಿಕೆ.

"ಬೀಡಿಲಿಂದ ಸುಟ್ಟಾನಲ್ಲ? ಹೆದರಬ್ಯಾಡ, ಹೇಳು."

"ಹೂಂ."

ಮತ್ತೆ ಚರಚರ.

"ದೊಡ್ಡವ್ವ ಭಾಳ ಜೀವ ಮಾಡ್ತಾಳಲ್ಲ ನಿನಗ?"

ಇಲ್ಲಿ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ನನ್ನದೇ ದನಿ, ಹೂಂ ಅನ್ನವಾ, ಎಂದು. ಆಮೇಲೆ ಹುಡುಗಿಯ 'ಹೂಂ'. ಆಮೇಲೆ ಚರಚರ.

ಕ್ಯಾಸೆಟ್ಟು ಮುಗಿಯುವ ತನಕ ಬರೆದೆ. ನನ್ನ ಪ್ರಶ್ನೆಗಳೇ ಹಾಳೆ ತುಂಬಿದ್ದವು. ಹುಡುಗಿಯದು ಒಂದೇ ಮಾತು, ಹೂಂ. ಕಾಕಾ ಎಂಬ ಮಾತನ್ನು ಅವಳು ಒಮ್ಮೆಯೂ ಹೇಳಿರಲಿಲ್ಲ. ಬೀಡಿ ಎಂದಿರಲಿಲ್ಲ, ದೊಡ್ಡವ್ವ ಎಂದಿರಲಿಲ್ಲ. ಎಲ್ಲವೂ ನನ್ನ ಬಾಯಿಂದಲೇ ಬಂದಿದ್ದವು. ನನ್ನದೇ ಟಿಪ್ಪಣಿ ತೆಗೆದು ನೋಡಿದೆ. ಗಾಯದ ಅಳತೆಯನ್ನು ನಾನೇ ಬರೆದಿದ್ದೆ, ಒಂದು ರೂಪಾಯಿ ನಾಣ್ಯದಷ್ಟು ಅಗಲ, ಬಳೆಯಂತೆ ದುಂಡಗೆ, ನಡುವೆ ಚರ್ಮ ಸುಟ್ಟಿಲ್ಲ ಎಂದು. ಯಾವ ಬೀಡಿ ಅಷ್ಟು ಅಗಲ ಸುಡುತ್ತದೆ? ಕಣ್ಣಿಗೆ ಕಂಡಿತ್ತು, ಕೈ ಬರೆದಿತ್ತು, ತಲೆಗೆ ಮಾತ್ರ ಹೋಗಿರಲಿಲ್ಲ.

ಗುಮಾಸ್ತರು ನನ್ನ ಮುಖ ನೋಡಿ ಹತ್ತಿರ ಬಂದರು. ಹಾಳೆಯ ಮೇಲೆ ಕಣ್ಣಾಡಿಸಿದರು. ಹಳೆಯ ಜೊತೆಗಾರ, ನನ್ನ ಹಿತ ಬಯಸುವವರು.

"ಕೆಂಪ ಗುಂಡಿ ಒತ್ತಿ ಬಿಡ್ರಿ ಬಾಯಾರ. ಮಿಷನ್ ಕ್ಯಾಸೆಟ್ ತಿಂತು ಅಂತ ಬರದ್ರಾತು" ಎಂದು ಮೆಲ್ಲಗೆ ಹೇಳಿದರು.

ಒತ್ತಿದರೆ ಹಳೆಯದೆಲ್ಲ ಅಳಿಸಿ ಹೋಗುತ್ತಿತ್ತು, ಉಳಿಯುತ್ತಿದ್ದದ್ದು ನನ್ನ ಎರಡು ಪುಟದ ಚಂದದ ಕಾಗದ. ಗುಂಡಿಯ ಮೇಲೆ ಬೆರಳಿಟ್ಟಿದ್ದೆ. ಒಳ್ಳೆಯವಳು ಎನ್ನಿಸಿಕೊಳ್ಳಲು ಇದನ್ನು ಬರೆಯುತ್ತಿಲ್ಲ, ಆದ್ದರಿಂದ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಆಗ ನೆನಪಾದದ್ದು ಹುಡುಗಿಯಲ್ಲ, ನನ್ನ ನೌಕರಿ, ನನ್ನ ಹೆಸರು, ಆ ಮೈಸೂರು ಕಡೆಯವರ ಮುಂದೆ ಆಗುವ ಅವಮಾನ. ಬೆರಳು ಒತ್ತಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಇನ್ನೊಂದು ವಿಷಯ ಹೊಳೆಯಿತು. ಕಾಕಾ ಸುಟ್ಟಿಲ್ಲ ಎಂದರೆ ಆ ಮನೆಯಲ್ಲಿ ಉಳಿದವಳು ಒಬ್ಬಳೇ. ಅವಳ ಕೈಗೇ ನಾನು ಹುಡುಗಿಯನ್ನು ಕೊಟ್ಟು ಹದಿನೆಂಟು ದಿನ ಆಗಿತ್ತು. ನಡುವೆ ಅಡ್ಡ ಬರಬಹುದಾದ ಒಬ್ಬನೇ ಗಂಡಸನ್ನೂ ನಾನೇ ಒಳಗೆ ಹಾಕಿಸಿದ್ದೆ.

ಹಾಳೆ, ಕ್ಯಾಸೆಟ್ಟು ಎರಡನ್ನೂ ಮೇಡಂ ಮೇಜಿನ ಮೇಲಿಟ್ಟು, ನಾನು ಊರಿಗೆ ಹೋಗಬೇಕು, ಈಗಲೇ ಎಂದೆ. ಅವರು ಮೊದಲ ಪುಟ ಓದಿದರು. ಬಯ್ಯಲಿಲ್ಲ. ಹೊಸ ಕ್ಯಾಸೆಟ್ಟು ತೆಗೆದುಕೊಟ್ಟು, ಹುಡುಗಿಯನ್ನು ಕರೆದುಕೊಂಡೇ ಬನ್ನಿ, ಆದೇಶವನ್ನು ಮಂಡಳಿಯ ಅಧ್ಯಕ್ಷರಿಂದ ನಾನು ಬರೆಸಿಡುತ್ತೇನೆ ಎಂದರು.

ಅವತ್ತು ಅಮಾವಾಸ್ಯೆ. ಘತ್ತರಗಿಗೆ ಹೋಗುವ ಭಕ್ತರಿಂದ ಅಫಜಲಪುರದ ಬಸ್ಸುಗಳೆಲ್ಲ ಕಿಕ್ಕಿರಿದಿದ್ದವು. ಎರಡು ಬಸ್ಸು ನಿಲ್ಲದೆ ಹೋದವು. ಮೂರನೆಯದಕ್ಕೆ ಜೋತುಬಿದ್ದು ಒಳಗೆ ನುಗ್ಗಿದೆ. ಟೇಪ್ ರೆಕಾರ್ಡರನ್ನು ಎದೆಗವಚಿಕೊಂಡು ದಾರಿಯುದ್ದಕ್ಕೂ ನಿಂತೇ ಇದ್ದೆ. ಬಸ್ಸು ಎಲ್ಲಿ ನಿಂತರೂ ಡ್ರೈವರನ ಮೇಲೆ ರೇಗಬೇಕೆನಿಸುತ್ತಿತ್ತು. ಬೀಡಿಯಲ್ಲದಿದ್ದರೆ ಒಲೆಯಲ್ಲಿ ಕಾಸಿದ್ದೇನೋ ಇರಬೇಕು, ಹದಿನೆಂಟು ದಿನದಲ್ಲಿ ಎಷ್ಟು ಹೊತ್ತು ಒಲೆ ಉರಿದಿರುತ್ತದೆ ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು. ಅಫಜಲಪುರದಲ್ಲಿ ಬಸ್ಸು ಬದಲಿಸಿ, ಕೊನೆಯ ಎರಡು ಮೈಲಿ ನಡೆದು ಮನೆ ಮುಟ್ಟಿದಾಗ ನಾಲ್ಕೂವರೆ.

ದೊಡ್ಡವ್ವ ಅದೇ ನಗುಮುಖದಿಂದ ಬರ್ರಿ ಎಂದಳು, ನೀರು ಕೊಟ್ಟಳು, ಚಹಾಕ್ಕೆ ಇಡುತ್ತೇನೆ ಎಂದಳು. ನಾನು ನೀರು ಮುಟ್ಟಲಿಲ್ಲ, ಹೊಸ್ತಿಲು ದಾಟಲಿಲ್ಲ. ಚಹಾ ಬೇಡ, ಭಾಗಮ್ಮನನ್ನು ಶಾಲೆಗೆ ಕರೆದುಕೊಂಡು ಹೋಗುತ್ತೇನೆ ಎಂದೆ. ನಮ್ಮ ಕಡೆ ಒಬ್ಬರ ಮನೆಯ ಬಾಗಿಲಲ್ಲಿ ನಿಂತು ಚಹಾ ಒಲ್ಲೆ ಎನ್ನುವುದು ಮುಖಕ್ಕೆ ಹೊಡೆದ ಹಾಗೆ. ಅವಳ ನಗು ಇಳಿಯಿತು.

"ನಮ್ಮ ಮನ್ಯಾಗ ಉಂಡ ಹೋದೋರು ಇವತ್ತ ನೀರ ಸೈತ ಒಲ್ಲೆ ಅಂತೀರಿ. ಏನ ತಪ್ಪ ಮಾಡೇವ್ರಿ ನಾವು?"

ತಪ್ಪು ನನ್ನದು ಎಂದೆ. ಮಾತು ಬೆಳೆಸಲಿಲ್ಲ. ಒಳಗಿನಿಂದ ಭಾಗಮ್ಮ ಬಂದಳು. ಎಡಗೈಯನ್ನು ಲಂಗದ ಮಡಿಕೆಯೊಳಗೆ ಇಟ್ಟುಕೊಂಡಿದ್ದಳು. ದೊಡ್ಡವ್ವ ಜೊತೆಗೆ ಹೊರಟಳು. ನೀವು ಬರುವ ಹಾಗಿಲ್ಲ ಎಂದೆ. ಹೆಣ್ಣು ಕೂಸನ್ನು ಒಂಟಿಯಾಗಿ ಹೇಗೆ ಕಳಿಸಲಿ ಎಂದು ಬೀದಿಗೆ ಕೇಳುವಂತೆ ಕೂಗಿದಳು. ನಾಲ್ಕು ಜನ ಕೂಡಿದರು. ಒಬ್ಬ ಹಿರಿಯರು, ಹಿಂದೆಲ್ಲ ಮನೆಯವರ ಮುಂದೇ ಕೇಳುತ್ತಿದ್ದಿರಲ್ಲ, ಇವತ್ತೇನು ಹೊಸದು ಎಂದರು. ಹುಡುಗಿಯ ಬಲಗೈ ಹಿಡಿದು ನಡೆದುಬಿಟ್ಟೆ. ಬೆನ್ನ ಹಿಂದೆ ಬೈಗುಳ ಕೇಳುತ್ತಲೇ ಇತ್ತು. ಯಾರಾದರೂ ಅಡ್ಡ ಬಂದಿದ್ದರೆ ಏನು ಮಾಡುತ್ತಿದ್ದೆನೋ ತಿಳಿಯದು.

ಮಾಸ್ತರರು ಒಂದು ಕೋಣೆ ತೆಗೆದುಕೊಟ್ಟು ಹೊರಗೆ ಬಾಗಿಲ ಹತ್ತಿರ ಕೂತರು. ಟೇಪ್ ಹಚ್ಚಿದೆ. ಚೀಲದಲ್ಲಿ ಬಿಸ್ಕೀಟು ಇತ್ತು, ತೆಗೆಯಲಿಲ್ಲ. ಏನು ಕೇಳುವುದು? ಬಾಯಿಗೆ ಬಂದ ಪ್ರತಿ ಪ್ರಶ್ನೆಯೊಳಗೂ ಉತ್ತರ ಕೂತಿತ್ತು. ಕೈ ತೋರಿಸು ಎಂದರೂ ನನ್ನದೇ ಮಾತಾಗುತ್ತದೆ ಎನ್ನಿಸಿತು. ಕೊನೆಗೆ ಒಂದೇ ಕೇಳಿದೆ.

"ಏನಾಗ್ಯದ ಭಾಗೂ?"

ಅವಳು ಸುಮ್ಮನಿದ್ದಳು. ನಾನೂ ಸುಮ್ಮನಿದ್ದೆ. ನನ್ನಂಥ ವಾಚಾಳಿಗೆ ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ. ನಾಲಿಗೆ ಕಚ್ಚಿಕೊಂಡು ಕೂತೆ. ಹೊರಗೆ ದೊಡ್ಡವ್ವ ಬಂದು ಮಾಸ್ತರರ ಜೊತೆ ವಾದಿಸುವುದು ಕೇಳಿಸಿತು. ಹುಡುಗಿಯ ಕಣ್ಣು ಬಾಗಿಲಿಗೆ ಹೋಯಿತು. ಎದ್ದು ಅಗಳಿ ಹಾಕಿ ಬಂದು ಮತ್ತೆ ನೆಲದ ಮೇಲೆ ಕೂತೆ. ಟೇಪ್ ತಿರುಗುತ್ತಲೇ ಇತ್ತು. ಒಂದು ಬದಿ ಮುಗಿದು ಟಕ್ ಎಂದು ಗುಂಡಿ ಮೇಲೆದ್ದಿತು. ಇನ್ನೊಂದು ಬದಿ ತಿರುವಿ ಹಾಕಿದೆ. ಆಗ ಅವಳು ಎಡಗೈಯನ್ನು ಲಂಗದಿಂದ ಹೊರಗೆ ತೆಗೆದು ನನ್ನ ಮುಂದೆ ಹಿಡಿದಳು. ಅಂಗೈಯಲ್ಲಿ ಬಳೆಯಂಥದೇ ಗುರುತು, ಹಸಿಯಾಗಿ, ನೀರು ತುಂಬಿ.

"ಊದೂ ಕೊಳವಿರಿ" ಎಂದಳು. ಒಲೆ ಊದುವ ಕಬ್ಬಿಣದ ಕೊಳವೆ. "ರೊಟ್ಟಿ ಹೊತ್ತಿದ್ರ ದೊಡ್ಡವ್ವ ಅದನ್ನ ಕಾಸಿ ಇಡ್ತಾಳ. ಕಾಕಾ ಇದ್ರ ಕಸಗೊಂಡ ಒಗೀತಿದ್ದ."

ಪ್ರಶ್ನೆ ಕೇಳಬಾರದೆಂದುಕೊಂಡರೂ ಕೇಳಿಬಿಟ್ಟೆ, ಅವತ್ತೇ ಯಾಕೆ ಹೇಳಲಿಲ್ಲ ಎಂದು.

"ನೀವು ಅಕಿ ಕಡೆಯೋರು ಇದ್ರಿ" ಎಂದಳು. ಅದರಲ್ಲಿ ದೂರಿನ ದನಿಯೂ ಇರಲಿಲ್ಲ, ಇದ್ದದ್ದನ್ನು ಹೇಳಿದಳು ಅಷ್ಟೇ.

ಆಮೇಲೆ ಅವಳೇ ಮಾತಾಡಿದಳು, ಒಂದೊಂದಾಗಿ, ನಡುನಡುವೆ ನಿಲ್ಲಿಸಿ. ಹೊಲಕ್ಕೆ ಬುತ್ತಿ ತರುವ ನೆಪದಲ್ಲಿ ಕಾಕಾ ಅವಳನ್ನು ಕರೆಸಿಕೊಂಡು, ದೊಡ್ಡವ್ವನ ಕೈಗೆ ಸಿಗದಿರಲಿ ಎಂದು ಸಂಜೆಯ ತನಕ ಅಲ್ಲೇ ಇಟ್ಟುಕೊಳ್ಳುತ್ತಿದ್ದ. ಗಾಯ ಮಾಸ್ತರರ ಕಣ್ಣಿಗೆ ಬೀಳಲಿ ಎಂದು ಅಂಗಿಯ ತೋಳು ಮಡಚಿ ಶಾಲೆಗೆ ಕಳಿಸಿದವನೂ ಅವನೇ. ಆ ಸಂಜೆಯೇ ಅವಳನ್ನು ಕರೆದುಕೊಂಡು ಹೊರಟೆ. ಮಾಸ್ತರರು ಬಸ್ಸಿನ ತನಕ ಜೊತೆಗೆ ಬಂದರು. ಭಾಗಮ್ಮ ನನ್ನ ಪಕ್ಕ ಕೂತರೂ ನನ್ನ ಕಡೆ ಒರಗಲಿಲ್ಲ, ನಿದ್ದೆ ಬಂದಾಗಲೂ ಕಿಟಕಿಯ ಸರಳಿಗೇ ತಲೆ ಆನಿಸಿದಳು.

ಮೂರನೆಯ ದಿನ ವಿಚಾರಣೆ. ಮಲ್ಲಪ್ಪನನ್ನು ಪೊಲೀಸರು ಕರೆತಂದು ಗೋಡೆ ಬದಿಯ ಬೆಂಚಿನಲ್ಲಿ ಕೂರಿಸಿದ್ದರು. ಗಡ್ಡ ಬೆಳೆದಿತ್ತು. ದೊಡ್ಡವ್ವ ಊರಿನ ಇಬ್ಬರು ಹಿರಿಯರ ಜೊತೆ ಬಂದಿದ್ದಳು. ಅಧ್ಯಕ್ಷರು ವಯಸ್ಸಾದವರು, ಕಿವಿ ಸ್ವಲ್ಪ ಮಂದ. ಎರಡೂ ಕ್ಯಾಸೆಟ್ಟು ಇಲ್ಲೇ ಹಾಕಿರಿ, ಗಟ್ಟಿಯಾಗಿ ಹಾಕಿರಿ ಎಂದರು. ಮೊದಲ ಕ್ಯಾಸೆಟ್ಟನ್ನು ಆ ಕೋಣೆಯಲ್ಲಿ ಎಲ್ಲರೂ ಕೇಳಿದರು, ನನ್ನ ದನಿ, ಹುಡುಗಿಯ ಹೂಂ, ಪುಡಿಕೆಯ ಚರಚರ. ನಾನು ನಿಂತುಕೊಂಡು, ಈ ಹೇಳಿಕೆಯಲ್ಲಿ ಹುಡುಗಿಯ ಮಾತು ಒಂದೂ ಇಲ್ಲ, ಎಲ್ಲ ನನ್ನದು ಎಂದು ಹೇಳಿದೆ. ಎರಡನೆಯ ಕ್ಯಾಸೆಟ್ಟಿನ ಒಂದು ಬದಿಯಿಡೀ ಮೌನ. ಅಧ್ಯಕ್ಷರು ಅದನ್ನೂ ಮುಂದಕ್ಕೆ ಓಡಿಸಲು ಬಿಡಲಿಲ್ಲ. ಎಲ್ಲರೂ ಮೌನವನ್ನು ಕೇಳುತ್ತ ಕೂತೆವು. 'ಊದೂ ಕೊಳವಿರಿ' ಎಂಬ ಮಾತು ಬಂದಾಗ ದೊಡ್ಡವ್ವ, ಪೋರಿಗೆ ಯಾರೋ ಕಲಿಸಿ ಹೇಳಿಸ್ಯಾರ ಎಂದಳು. ಜೊತೆಗೆ ಬಂದಿದ್ದ ಹಿರಿಯರು ಮಾತ್ರ ನೆಲ ನೋಡಿದರು.

ಆಮೇಲೆ ಅಧ್ಯಕ್ಷರು ಹುಡುಗಿಯನ್ನು ತಾವೇ ಒಂದು ಮಾತು ಕೇಳಬೇಕೆಂದರು. ಎಲ್ಲರೂ ಹೊರಗೆ ಹೋಗಿರಿ ಎಂದರು. ನಾನು ಎಂದಿನಂತೆ ಹುಡುಗಿಯ ಪಕ್ಕದಲ್ಲೇ ನಿಂತಿದ್ದೆ.

"ನೀವೂ ಹೋಗ್ರಿ ಬಾಯಾರ" ಎಂದರು.

ಅಷ್ಟು ವರ್ಷದ ನೌಕರಿಯಲ್ಲಿ ಒಂದು ಮಗುವಿನ ಮಾತು ಕೇಳುವಾಗ ನನ್ನನ್ನು ಹೊರಗೆ ಕಳಿಸಿದ್ದು ಅದೇ ಮೊದಲು. ವರಾಂಡದಲ್ಲಿ ಒಂದೇ ಬೆಂಚು ಇತ್ತು. ಅದರ ಒಂದು ತುದಿಯಲ್ಲಿ ಮಲ್ಲಪ್ಪ, ಅವನ ಆಚೆ ಪೊಲೀಸಿನವರು. ಈಚೆಯ ತುದಿಯಲ್ಲಿ ನಾನು ಕೂತೆ. ಕ್ಷಮಿಸು ಎನ್ನಬೇಕೆಂದುಕೊಂಡೆ. ಇಪ್ಪತ್ತೊಂದು ದಿನ ಒಳಗಿದ್ದವನಿಗೆ ಆ ಒಂದು ಮಾತು ಯಾವ ಮೂಲೆಗೆ? ಅವನೇ ಮಾತಾಡಿದ, ನನ್ನ ಕಡೆ ನೋಡದೆ.

"ಆಳಂದದಾಗ ನಮ್ಮಕ್ಕ ಅದಾಳ್ರಿ. ಪೋರಿನ್ನ ಕಳಸು, ನಾ ಸಾಕ್ತೇನಿ ಅಂದಿದ್ಳು. ಅದನ್ನ ಹೇಳಾಕ ಅವತ್ತ ಬಾಗಲಕ ಬಂದಿದ್ದೆ. ನನಗೂ ಒಂದ ಮಾತ ಕೇಳಿದ್ರ ಹೇಳ್ತಿದ್ನಲ್ರಿ."

ನಾನು ಆ ಊರಿನಲ್ಲಿ ಮಾಸ್ತರರನ್ನು ಕೇಳಿದ್ದೆ, ನೆರೆಯವರನ್ನು ಕೇಳಿದ್ದೆ, ದೊಡ್ಡವ್ವನನ್ನು ಉಂಡು ತೇಗಿ ಕೇಳಿದ್ದೆ. ಕೇಳದೆ ಬಿಟ್ಟದ್ದು ಇವನೊಬ್ಬನನ್ನೇ. ಇವನನ್ನು ಕೇಳಿದ್ದರೆ ಭಾಗಮ್ಮ ಆ ವಾರವೇ ಆಳಂದದಲ್ಲಿರುತ್ತಿದ್ದಳು. ಅವಳ ಅಂಗೈಯ ಗಾಯ ದೊಡ್ಡವ್ವನ ಕೈಯದು, ಆದರೆ ಅದಕ್ಕೆ ಜಾಗ ಮಾಡಿಕೊಟ್ಟದ್ದು ನಾನು. ಇದನ್ನು ಯಾವ ಕಾಗದದಲ್ಲೂ ಯಾರೂ ಬರೆಯಲಿಲ್ಲ, ಹಾಗಾಗಿ ಇಲ್ಲಿ ನಾನೇ ಬರೆದಿದ್ದೇನೆ.

ಮುಚ್ಚಿದ ಬಾಗಿಲಿನ ಒಳಗಿಂದ ಭಾಗಮ್ಮನ ದನಿ ಕೇಳಿಸಿತು. ಮಾತು ತಿಳಿಯುತ್ತಿರಲಿಲ್ಲ, ದನಿ ಮಾತ್ರ. ನಿಲ್ಲದೆ, ಗಡಬಡಿಸಿ, ಒಂದರ ಮೇಲೊಂದು ಮಾತು. ಅಷ್ಟು ಮಾತು ಬರುತ್ತದೆ ಈ ಹುಡುಗಿಗೆ ಎಂದು ನನಗೆ ಗೊತ್ತೇ ಇರಲಿಲ್ಲ. ನಡುವೆ ಒಮ್ಮೆ ನಕ್ಕಳು ಸಹ. ಮಲ್ಲಪ್ಪ ತಲೆ ಎತ್ತಿ ಬಾಗಿಲು ನೋಡಿದ, ಅವನ ಕಣ್ಣುಗಳು ತುಂಬಿಕೊಂಡವು. ನಾನು ಅಭ್ಯಾಸಬಲದಿಂದ ಚೀಲಕ್ಕೆ ಕೈ ಹಾಕಿ ರಟ್ಟು ಹುಡುಕಿದೆ, ಆಮೇಲೆ ಕೈ ಹಿಂದಕ್ಕೆ ತೆಗೆದೆ.

ಬಾಗಿಲು ತೆರೆಯಿತು. ಭಾಗಮ್ಮ ಹೊರಗೆ ಬಂದಳು. ನನ್ನನ್ನು ದಾಟಿ ಹೋಗಿ ಕಾಕಾನ ಪಕ್ಕ ಕೂತು, ಬಟ್ಟೆ ಸುತ್ತಿದ ಎಡಗೈಯನ್ನು ಅವನ ತೊಡೆಯ ಮೇಲಿಟ್ಟಳು.